ಜಂಬಣ್ಣ ತಂದ ಹಿಮದ ಚಾಕಲೇಟು

ಬೆಂಗಳೂರಿನ ಬಸ್ಸು ಹೊಸದುರ್ಗದ ನಿಲ್ದಾಣಕ್ಕೆ ಬಂದು ನಿಂತಾಗ ಮಧ್ಯಾಹ್ನ ಎರಡು ಗಂಟೆ, ಮೇ ತಿಂಗಳು. ಆ ಹೊತ್ತಿನಲ್ಲಿ ನಮ್ಮೂರಿನ ನಾಯಿಗಳು ಕೂಡ ಯೋಚನೆ ಮಾಡದೆ ನೆರಳು ಬಿಟ್ಟು ಹೊರಡುವುದಿಲ್ಲ. ಪೈಪು-ಮೋಟರಿನ ಅಂಗಡಿಯ ಜಂಬಣ್ಣ ಮಾತ್ರ ಮೂರು ಡಬ್ಬಿ ಚಾಕಲೇಟನ್ನು ಎದೆಗವುಚಿಕೊಂಡು, ಹರಕೆ ಒಪ್ಪಿಸಲು ಬಂದವನ ಗಾಂಭೀರ್ಯದಲ್ಲಿ ಇಳಿದ. ಡಬ್ಬಿಯ ಮೇಲೆ ಹಿಮ ಮುಚ್ಚಿದ ಬೆಟ್ಟವಿತ್ತು. ಒಳಗೆ ಸಾರಾಗಿತ್ತು.

ಅವನು ಸ್ವಿಟ್ಜರ್‌ಲೆಂಡಿಗೆ ಹೋಗಿ ಬಂದಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಿಗಾಗಿ ನಿಲ್ದಾಣದ ಎದುರಿಗೇ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಜಂಬಣ್ಣನ ತಲೆಯನ್ನು ಯಾರದೋ ಕೋಟಿನ ಮೇಲೆ ಕೂರಿಸಿ, ಹಿಂದೆ ಹಿಮದ ಬೆಟ್ಟ, ಪಕ್ಕದಲ್ಲಿ ಗಂಟೆ ಕಟ್ಟಿದ ಹಸು ಹಾಕಿ, ‘ಸ್ವಿಟ್ಜರ್‌ಲೆಂಡ್ ಪ್ರವಾಸ ಕೈಗೊಳ್ಳುತ್ತಿರುವ ನಮ್ಮ ಹೆಮ್ಮೆಯ ಜಂಬಣ್ಣನವರಿಗೆ ಶುಭಪ್ರಯಾಣ – ಗೆಳೆಯರ ಬಳಗ’ ಎಂದು ಬರೆದಿತ್ತು.

ಎಡವಟ್ಟಾಗಿದ್ದು ಈ ಫ್ಲೆಕ್ಸಿನಿಂದಲೇ. ಪೈಪಿನ ಕಂಪನಿಯವರು ಡೀಲರುಗಳಿಗೆ ಒಂದು ಸ್ಕೀಮು ಇಟ್ಟಿದ್ದರು. ಟಾರ್ಗೆಟ್ ಮುಟ್ಟಿದವರಿಗೆ ಬೇಸಿಗೆಯಲ್ಲಿ ಸ್ವಿಟ್ಜರ್‌ಲೆಂಡ್, ಸ್ವಲ್ಪ ಕಡಿಮೆ ಬಿದ್ದವರಿಗೆ ಬ್ಯಾಂಕಾಕ್. ಜಂಬಣ್ಣನ ಮಾರಾಟ ಟಾರ್ಗೆಟ್ಟಿನ ಹತ್ತಿರ ಬರುತ್ತಿದ್ದಂತೆ ಗೆಳೆಯರು ತಡೆಯಲಾರದೆ ಫ್ಲೆಕ್ಸ್ ಮಾಡಿಸಿ ಕಟ್ಟಿಯೇಬಿಟ್ಟರು. ತಿಂಗಳ ಕೊನೆಗೆ ನೋಡಿದರೆ ಎರಡೂವರೆ ಇಂಚಿನ ಇಪ್ಪತ್ತಡಿ ಪೈಪು ನಾನೂರು ಲೆಂತ್ ಕಡಿಮೆ. ಕಂಪನಿಯವರು ಬ್ಯಾಂಕಾಕಿನ ಟಿಕೆಟ್ ಕಳಿಸಿದರು. ಫ್ಲೆಕ್ಸ್ ಇಳಿಸಿ ಅಂತ ಹೇಳಲು ಜಂಬಣ್ಣನಿಗೆ ಬಾಯಿ ಬರಲಿಲ್ಲ.

ಊರಿನ ಮುಂದೆ ಮರ್ಯಾದೆ ಹೋದರೆ ಹೇಗೋ ತಡೆದುಕೊಳ್ಳಬಹುದಿತ್ತು. ಅವನಿಗೆ ನಿಜವಾದ ಹೆದರಿಕೆ ಇದ್ದದ್ದು ಹೆಂಡತಿ ಪಾರ್ವತಮ್ಮನದು. ಬ್ಯಾಂಕಾಕ್ ಎಂಬ ಊರಿಗೆ ನಮ್ಮ ಕಡೆ ಕೆಟ್ಟ ಹೆಸರಿದೆ. ಅದಕ್ಕೆ ಕಾರಣ ಆ ಊರಿನವರಲ್ಲ, ಅಲ್ಲಿಗೆ ಹೋಗಿಬಂದು ಮೀಸೆಯಡಿಯಲ್ಲಿ ನಗುವ ನಮ್ಮ ಡೀಲರುಗಳು. ಮೂರು ವರ್ಷದ ಹಿಂದೆ ಹೊಳಲ್ಕೆರೆಯ ಕೊಟ್ರೇಶ್ ಹೀಗೆಯೇ ಹೋಗಿ ಬಂದಿದ್ದ. ಅವನ ಹೆಂಡತಿ ಭಾಗ್ಯ ಪಾರ್ವತಮ್ಮನ ಚಿಕ್ಕಪ್ಪನ ಮಗಳು, ಇಬ್ಬರ ತವರೂ ಒಂದೇ ಊರು. ಅವನ ಫೋನಿನಲ್ಲಿ ಏನು ಕಂಡಳೋ, ಸೀದಾ ತವರಿಗೆ, ಯಲ್ಲದಕೆರೆಗೆ ಹೋದವಳು ಆರು ತಿಂಗಳು ಬರಲಿಲ್ಲ. ಅವಳ ಗಂಟುಮೂಟೆ ಹೊತ್ತುಕೊಂಡು ಹೋಗಿ ಬಿಟ್ಟು ಬಂದವಳೇ ಪಾರ್ವತಮ್ಮ. ಬಂದವಳು ಜಂಬಣ್ಣನ ಮುಂದೆ ನಿಂತು, “ನನ್ನ ಗಂಡ ಏನಾದ್ರೂ ಹಿಂಗೆ ಮಾಡಿದ್ರೆ ನಾನು ಆರು ತಿಂಗಳಿಗಲ್ಲ, ಬರೋದೇ ಇಲ್ಲ” ಎಂದು ತಟ್ಟೆ ಕುಕ್ಕಿದ್ದಳು. ಆಗ ಜಂಬಣ್ಣನಿಗೆ ಪಾಸ್‌ಪೋರ್ಟೇ ಇರಲಿಲ್ಲ. ಆದರೂ ಬೆವರಿದ್ದ.

ಹಾಗಾಗಿ ಮನೆಗೂ ಸ್ವಿಟ್ಜರ್‌ಲೆಂಡ್, ಊರಿಗೂ ಸ್ವಿಟ್ಜರ್‌ಲೆಂಡ್. ಪಾಪ, ಬ್ಯಾಂಕಾಕಿನಲ್ಲಿ ಅವನು ಮಾಡಿದ್ದಾದರೂ ಏನು? ಇಳಿದ ದಿನವೇ ಹೊಟ್ಟೆ ಕೆಟ್ಟಿತು. ಉಳಿದ ಡೀಲರುಗಳು ಊರು ಸುತ್ತುತ್ತಿದ್ದಾಗ ಇವನು ಹೋಟೆಲಿನ ರೂಮಿನಲ್ಲಿ ಚಟ್ನಿಪುಡಿ ಕಲಸಿದ ಅನ್ನ ತಿನ್ನುತ್ತ, ಉಪ್ಪು-ಸಕ್ಕರೆ ನೀರು ಕುಡಿಯುತ್ತ ಮಲಗಿದ್ದ. ಆ ದೇಶದಲ್ಲಿ ಅವನು ಚೆನ್ನಾಗಿ ನೋಡಿದ್ದೆಂದರೆ ಒಂದು ಬಚ್ಚಲು.

ಸಾಕ್ಷಿಗೆಂದು ಹಿಮದ ಬೆಟ್ಟದ ಚಿತ್ರವಿರುವ ಚಾಕಲೇಟನ್ನೇ ಹುಡುಕಿ ತಂದಿದ್ದ. ಡಬ್ಬಿಯ ಹಿಂದೆ ಅಂಟಿಸಿದ್ದ ಚೀಟಿಗಳನ್ನು ಉಗುರಿನಿಂದ ಕೆರೆದು ಕಿತ್ತುಹಾಕಿದ್ದ. ಅಪರಾಧ ಮಾಡುವವನಿಗೆ ಇರಬೇಕಾದ ಎಚ್ಚರವೆಲ್ಲ ಅವನಲ್ಲಿತ್ತು. ಅಪರಾಧ ಒಂದು ಮಾತ್ರ ಇರಲಿಲ್ಲ.

ಪಾರ್ವತಮ್ಮ ಡಬ್ಬಿಗಳನ್ನು ಫ್ರಿಜ್ಜಿಗೆ ಹಾಕಿದಳು. ಸಂಜೆಗೆ ಚಾಕಲೇಟು ಗಟ್ಟಿಯಾಯಿತು, ಆಕಾರ ಮಾತ್ರ ಅದರದರ ಇಷ್ಟ. ಒಂದು ಬದನೆಕಾಯಿಯ ಹಾಗೆ, ಇನ್ನೊಂದು ತುಳಿದ ಚಪ್ಪಲಿಯ ಹಾಗೆ. ಮಾರನೆಯ ಬೆಳಿಗ್ಗೆ ಜಂಬಣ್ಣ ತಟ್ಟೆಯಲ್ಲಿ ಜೋಡಿಸಿಕೊಂಡು, ಕಾಶಿಯಿಂದ ಬಂದವರು ಪ್ರಸಾದ ಹಂಚುವಂತೆ ಓಣಿಯ ಮನೆಮನೆಗೂ ಹಂಚಿದ. ಪ್ರತಿ ಮನೆಯ ಮುಂದೆಯೂ “ಅಬ್ಬಾ, ಏನು ಚಳಿ ಅಂತೀರಿ!” ಎಂದು ಎರಡು ಕೈ ಉಜ್ಜಿ ತೋರಿಸಿದ. ಉಜ್ಜಿದ ಕೈಯಿಂದ ಬೆವರು ತೊಟ್ಟಿಕ್ಕಿತು.

ಸಂದೇಹ ಮೊದಲು ಹುಟ್ಟಿದ್ದು ಮನೆಯಲ್ಲೇ. ಬ್ಯಾಗು ಬಿಚ್ಚಿದ ಪಾರ್ವತಮ್ಮ, ದಾವಣಗೆರೆಯಿಂದ ತಾನೇ ತಂದುಕೊಟ್ಟಿದ್ದ ಉಣ್ಣೆಯ ಸ್ವೆಟರನ್ನು ಎತ್ತಿ ಹಿಡಿದಳು.

“ಏನ್ರೀ, ಇದರ ಗುಂಡುಪಿನ್ನು ಹಂಗೇ ಐತಲ್ಲ?”

“ಹಾಕ್ಕಂಡು ಮತ್ತೆ ಮಡಚಿ ಪಿನ್ನು ಚುಚ್ಚಿದೆ.”

“ಮನೆಯಾಗೆ ಟವಲ್ಲು ಮಡಚಿಟ್ಟೋರಲ್ಲ ನೀವು. ಅಲ್ಲಿ ಹೋಗಿ ಪಿನ್ನು ಚುಚ್ಚಿದ್ರಾ?”

“ಅದು ಶಿಸ್ತಿನ ದೇಶ ಕಣೇ” ಎಂದ ಜಂಬಣ್ಣ.

ಪಾರ್ವತಮ್ಮ ಮಾತಾಡಲಿಲ್ಲ. ಬೆವರಿನ ಉಪ್ಪು ಹತ್ತಿದ ತೆಳು ಅಂಗಿಗಳನ್ನು ಒಂದೊಂದಾಗಿ ಮೂಸಿ ನೋಡಿ ಬಕೆಟ್ಟಿಗೆ ಹಾಕಿದಳು. ಮಾತಾಡುವ ಹೆಂಡತಿಯಿಂದ ಅಪಾಯ ಕಡಿಮೆ ಎಂಬುದು ಸಂಸಾರಸ್ಥರಿಗೆಲ್ಲ ಗೊತ್ತು. ಜಂಬಣ್ಣ ಮೆಲ್ಲಗೆ ಅಡುಗೆಮನೆಗೆ ಹೋಗಿ, ಪಾಸ್‌ಪೋರ್ಟನ್ನು ಅಕ್ಕಿ ಡ್ರಮ್ಮಿನ ತಳಕ್ಕೆ ತುರುಕಿ ಬಂದ.

ಸಾಯಂಕಾಲ ಎದುರುಮನೆಯ ಪರಮೇಶ್ವರಪ್ಪ ಮೇಷ್ಟ್ರು ಬಂದರು. ನಿವೃತ್ತ ಹೆಡ್‌ಮೇಷ್ಟ್ರು. ಮೂವತ್ತಾರು ವರ್ಷ ಭೂಗೋಳ ಕಲಿಸಿ, ಒಂದು ದೇಶವನ್ನೂ ನೋಡದೆ ಎಲ್ಲ ದೇಶದ ಮೇಲೂ ಅಧಿಕಾರ ಉಳ್ಳವರು. ಊರಿನ ಬಸ್ಸುಗಳ ವೇಳಾಪಟ್ಟಿಯೂ ಅವರಿಗೆ ಬಾಯಿಪಾಠ. ಕೈಯಲ್ಲಿ ತಿಂದು ಮುಗಿಸಿದ ಚಾಕಲೇಟಿನ ಕಾಗದ ಇಸ್ತ್ರಿ ಮಾಡಿದಷ್ಟು ನೀಟಾಗಿತ್ತು.

“ಬರ್ರಿ ಸಾರ್, ಕುಂತ್ಕಳ್ರಿ” ಎಂದ ಜಂಬಣ್ಣ.

“ಕುಂತ್ಕಳ್ಳಾಕೆ ಬಂದಿಲ್ಲಪ್ಪ. ಸ್ವಿಟ್ಜರ್‌ಲೆಂಡಿನಾಗೆ ಎಷ್ಟು ಭಾಷೆ?”

ಜಂಬಣ್ಣ ಸೀಲಿಂಗ್ ಫ್ಯಾನು ನೋಡಿದ. “ಎಲ್ಲಾರೂ ಮಾತಾಡ್ತಾರೆ ಸಾರ್.”

“ನಾಲ್ಕು. ನಾಲ್ಕೂ ಇಂಗ್ಲಿಷ್ ಅಕ್ಷರದಾಗೆ ಬರೀತಾರೆ. ಈ ಕಾಗದದ ಮಡಿಕೆಯಾಗೆ ನೋಡು, ಜಿಲೇಬಿ ಸುತ್ತಿದಂಗೈತೆ. ಇದು ಯಾವ ಭಾಷೆ?”

ಡಬ್ಬಿಯ ಚೀಟಿ ಕಿತ್ತಿದ್ದ ಜಂಬಣ್ಣ ಒಳಗಿನ ಕಾಗದವನ್ನು ನೋಡಿರಲಿಲ್ಲ. “ಅದು... ಬೆಟ್ಟದ ಮ್ಯಾಲಿನ ಜನ ಸಾರ್. ಹಳೇ ಕಾಲದೋರು. ಚಳಿಗೆ ಕೈ ನಡುಗಿ ಅಕ್ಷರ ಸುತ್ತಿಕೊಂಡಾವೆ.”

“ಫೋಟೋ ಎಲ್ಲಿ?”

“ಚಳಿಗೆ ಫೋನು ಹೆಪ್ಪುಗಟ್ಟಿಬಿಟ್ಟಿತ್ತು ಸಾರ್.”

ಮೇಷ್ಟ್ರು ಅವನನ್ನು ಮೂವತ್ತೈದು ಮಾರ್ಕಿಗೂ ಲಾಯಕ್ಕಿಲ್ಲದ ಉತ್ತರಪತ್ರಿಕೆಯಂತೆ ನೋಡಿದರು. ಕಾಗದವನ್ನು ಕನ್ನಡಕದ ಪೆಟ್ಟಿಗೆಯಲ್ಲಿಟ್ಟು, “ಏನೋ ಐತೆ ಜಂಬಣ್ಣ, ಇದರಾಗೆ ಏನೋ ಐತೆ” ಎಂದು ಹೊರಟುಹೋದರು. ಬಾಗಿಲ ಮರೆಯಲ್ಲಿ ಪಾರ್ವತಮ್ಮನ ಸೆರಗು ಸರಿದದ್ದು ಕಾಣಿಸಿತು.

ಏನೋ ಇದೆ ಎಂಬುದಕ್ಕೆ ಮರುದಿನವೇ ಪುರಾವೆ ಸಿಕ್ಕಿತು. ಓಣಿಯ ತಿರುವಿನಲ್ಲಿ ಹಾಸಿಗೆ-ದಿಂಬಿನ ಅಂಗಡಿಯ ಅಬ್ದುಲ್ ರಶೀದ್ ಇದ್ದಾನೆ. ಅವನ ತಾಯಿ ಪ್ಯಾರಿ ಬೀಗೆ ಎಂಬತ್ತೆರಡು. ಮಗ ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟರೂ ಮಂಡಿನೋವಿನಿಂದ ಆಕೆಗೆ ಆರು ವರ್ಷದಿಂದ ಕಣ್ಣಿಗೆ ನಿದ್ದೆಯಿಲ್ಲ. ಅಂಥ ಪ್ಯಾರಿ ಬೀ ಚಾಕಲೇಟು ಹಂಚಿದ ದಿನವೇ ಮಧ್ಯಾಹ್ನದ ನಮಾಜು ಮುಗಿಸಿ, ಜಂಬಣ್ಣನ ಚಾಕಲೇಟು ಒಂದನ್ನು ಬಾಯಿಗೆ ಹಾಕಿಕೊಂಡು ಮಲಗಿದವಳು ಎದ್ದದ್ದು ಮಾರನೆಯ ದಿನ ಬೆಳಿಗ್ಗೆ ಏಳಕ್ಕೆ. ಮನೆಯವರೆಲ್ಲ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ನೋಡಿ ಸುಸ್ತಾಗಿದ್ದರು.

ಎದ್ದ ಪ್ಯಾರಿ ಬೀ ಸೀದಾ ಕೋಲೂರಿಕೊಂಡು ಜಂಬಣ್ಣನ ಮನೆಗೆ ಬಂದಳು.

“ಜಂಬಣ್ಣಾ, ಬೇಟಾ, ಆ ನಿದ್ದೆ ಚಾಕಲೇಟ್ ಇನ್ನೊಂದು ಕೊಡಪ್ಪ. ನಾಲ್ಕು ಹೊತ್ತಿನ ನಮಾಜು ಹೋಯ್ತು, ಅದನ್ನ ಆಮೇಲೆ ಮಾಡ್ಕೋತೀನಿ. ಅಲ್ಲಾ ನಿನ್ನ ಹೊಟ್ಟೆ ತಣ್ಣಗಿಡ್ಲಿ. ನಾನು ಹೊಸ ಮದುವಣಗಿತ್ತಿ ಆಗಿದ್ದಾಗ ಮಲಗಿದ್ದು ಹಿಂಗೆ.”

ಆಶೀರ್ವಾದವೂ ಕೆಲವು ಸಲ ಹಳ್ಳಕ್ಕೆ ತಳ್ಳುತ್ತದೆ. ಹಾಲು ತರಲು ನಿಂತಿದ್ದ ನಾಲ್ಕು ಹೆಂಗಸರು ಆಕೆಯ ಮಾತು ಕೇಳಿಸಿಕೊಂಡರು. ಒಂಬತ್ತು ಗಂಟೆಗೆಲ್ಲ ಓಣಿಯಲ್ಲಿ ಸುದ್ದಿ: ಜಂಬಣ್ಣನ ಚಾಕಲೇಟಿನಲ್ಲಿ ಮತ್ತಿನ ಪುಡಿ ಇದೆ.

ಅಲ್ಲಿಯವರೆಗೆ ತಿಂದು ತೇಗಿ ಕೂತಿದ್ದವರಿಗೆಲ್ಲ ಒಂದೊಂದು ಲಕ್ಷಣ ಕಾಣಿಸಿಕೊಂಡಿತು. ಒಬ್ಬರಿಗೆ ತಲೆ ತಿರುಗಿತು, ಒಬ್ಬರಿಗೆ ನಾಲಿಗೆ ದಪ್ಪವಾಯಿತು. ಓಣಿಯ ಕೊನೆಮನೆಯ ಯಮುನಾ, “ನಮ್ಮನೆಯೋರು ತಿಂದು ಸುಮ್ಸುಮ್ನೆ ನಕ್ಕರು ಕಣ್ರಿ, ಹದಿನೆಂಟು ವರ್ಷದಾಗೆ ನಗದೆ ಇದ್ದೋರು” ಎಂದು ಕಣ್ಣೊರೆಸಿಕೊಂಡಳು. ತಿನ್ನದೆ ಉಳಿಸಿದ್ದವರು ಚಾಕಲೇಟನ್ನು ಇಕ್ಕಳದಲ್ಲಿ ಹಿಡಿದು ತಂದು ಜಂಬಣ್ಣನ ಜಗಲಿಯ ಮೇಲಿಟ್ಟು ಹೋದರು. ಬಿಸಿಲು ಏರುತ್ತಿದ್ದಂತೆ ಅವು ಕರಗಿ ಮೆಟ್ಟಿಲಿಳಿದವು. ಇಬ್ಬರು ಮಾತ್ರ ಗುಟ್ಟಾಗಿ ಬಂದು, “ಇನ್ನೂ ಅವೆಯೇನಣ್ಣ?” ಎಂದು ಕೇಳಿ ಜೇಬಿಗೆ ಹಾಕಿಕೊಂಡು ಹೋದರು.

ಹನ್ನೊಂದು ಗಂಟೆಗೆ ಪೊಲೀಸ್ ಬೈಕು ಬಂತು. ಎಎಸ್‌ಐ ರಾಜಶೇಖರ್ ಇಳಿದು, ಹೆಲ್ಮೆಟ್ ತೆಗೆದು, ಮೆಟ್ಟಿಲ ಮೇಲಿನ ಕಂದು ದ್ರವವನ್ನು ದಾಟಿ ಒಳಗೆ ಬಂದರು. ಅವರ ಹಿಂದೆ ಪರಮೇಶ್ವರಪ್ಪ ಮೇಷ್ಟ್ರು, ಕನ್ನಡಕದ ಪೆಟ್ಟಿಗೆ ಸಮೇತ. ಮೇಷ್ಟ್ರ ಹಿಂದೆ ಓಣಿ.

“ಜಂಬಣ್ಣ ಅಂದ್ರೆ ನೀವೇನ್ರಿ?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವನು ಜಂಬಣ್ಣ. “ನಾನೇ ಸಾರ್, ಆದ್ರೆ ನಾನಲ್ಲ” ಎಂದ.

“ಈ ಚಾಕಲೇಟ್ ಎಲ್ಲಿಂದ ತಂದಿದ್ದು?”

“ಸ್ವಿಟ್ಜರ್‌ಲೆಂಡ್ ಸಾರ್. ಬಸ್‌ಸ್ಟ್ಯಾಂಡಿನಾಗೆ ಫ್ಲೆಕ್ಸ್ ಐತೆ.”

“ಫ್ಲೆಕ್ಸಿನಾಗೆ ನನ್ನನ್ನೂ ಹಾಕ್ಯಾರೆ, ಹುಲಿ ಪಕ್ಕ. ಪಾಸ್‌ಪೋರ್ಟ್ ತೋರಿಸ್ರಿ.”

ಇತ್ತ ದರಿ, ಅತ್ತ ಪುಲಿ. ತೋರಿಸದಿದ್ದರೆ ಮತ್ತಿನ ಪುಡಿಯ ವ್ಯಾಪಾರಿ ಎಂದು ಸ್ಟೇಷನ್ನು. ತೋರಿಸಿದರೆ ಪಾರ್ವತಮ್ಮ. ಜಂಬಣ್ಣ ಒಂದು ಗಳಿಗೆ ಸ್ಟೇಷನ್ನೇ ವಾಸಿ ಎಂದುಕೊಂಡದ್ದು ನಿಜ.

“ಪಾಸ್‌ಪೋರ್ಟು ಕಂಪನಿಯೋರ ಹತ್ರ ಐತೆ ಸಾರ್.”

“ಫೋನ್ ಮಾಡ್ರಿ ಕಂಪನಿಗೆ.”

“ಅಂದ್ರೆ, ಅವರು ಕೊಟ್ರು. ಇಲಿ ತಿಂತು.”

“ಪೂರಾ ತಿಂತಾ?”

“ಹೆಸರಿರೋ ಹಾಳೆ ಬಿಟ್ಟು, ಸೀಲು ಹೊಡೆದ ಹಾಳೆ ತಿಂದೈತೆ ಸಾರ್.”

“ಓದು ಬಲ್ಲ ಇಲಿ” ಎಂದರು ಮೇಷ್ಟ್ರು.

ಆಗ ಅಡುಗೆಮನೆಯಿಂದ ಪಾರ್ವತಮ್ಮ ಬಂದಳು. ಕೈಯಲ್ಲಿ ಅಕ್ಕಿಹಿಟ್ಟು ಮೆತ್ತಿದ ಪಾಸ್‌ಪೋರ್ಟು.

“ತಗಳ್ರಿ ಸಾರ್. ನಿನ್ನೆಯಿಂದ ನನ್ನ ಹತ್ರ ಐತೆ. ಗಂಡಸ್ರು ಅಕ್ಕಿ ಡ್ರಮ್ಮಿನಾಗೆ ಬಚ್ಚಿಟ್ರೆ ಅಕ್ಕಿ ಅಳೆಯೋಳಿಗೆ ಸಿಗಲ್ವ? ನನಗೆ ಇಂಗ್ಲಿಷ್ ಬರಲ್ಲ. ಓದೋರು ಯಾರಾದ್ರೂ ಬರ್ಲಿ ಅಂತ ಇಟ್ಕಂಡಿದ್ದೆ.”

ರಾಜಶೇಖರ್ ಹಾಳೆ ಮಗುಚಿದರು. ಒಂದು ಹಾಳೆಯಲ್ಲಿ ನಿಂತರು. ಮೇಷ್ಟ್ರು ಹೆಗಲ ಮೇಲಿಂದ ಬಗ್ಗಿ, ಕ್ಲಾಸಿನಲ್ಲಿ ಪಾಠ ಓದುವ ದನಿಯಲ್ಲಿ ಓದಿದರು: “ಥಾಯ್‌ಲೆಂಡ್. ರಾಜಧಾನಿ, ಬ್ಯಾಂಕಾಕ್.”

ಇಡೀ ಓಣಿಯ ಕಣ್ಣು ಪಾರ್ವತಮ್ಮನ ಕಡೆ ಹೊರಳಿತು. ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಅಬ್ದುಲ್ ರಶೀದ್ ಏದುಸಿರು ಬಿಡುತ್ತ ಒಳಗೆ ನುಗ್ಗಿದ.

“ಸಾರ್, ಸಾರ್! ಚಾಕಲೇಟಿನಾಗೆ ಏನೂ ಇಲ್ಲ ಸಾರ್! ಅಮ್ಮಿಗೆ ಶೀತ ಅಂತ ನಮ್ಮನೆಯಾಗೆ ಒಂದು ಮಾತ್ರೆ ಕೊಟ್ಟಿದ್ರಂತೆ. ಅಮ್ಮಿ ಅದನ್ನ ಮರೆತು ತಾನೇ ಎರಡು ನುಂಗೈತೆ. ಮಾತ್ರೆ ಅಂಗಡಿಯೋರು ಹೇಳಿದ್ರು, ಮೂರು ನುಂಗಿದ್ರೆ ಆನೆ ಸೈತ ಮಲಗುತ್ತಂತೆ. ಪಾಸ್‌ಪೋರ್ಟು ಗೀಸ್‌ಪೋರ್ಟು ಏನೂ ನೋಡೋದು ಬ್ಯಾಡ ಸಾರ್!”

ಎರಡೇ ಎರಡು ನಿಮಿಷ ಮೊದಲು ಬಂದಿದ್ದರೆ ಜಂಬಣ್ಣ ರಶೀದನ ಕಾಲಿಗೆ ಬೀಳುತ್ತಿದ್ದ. ಈಗ ಅವನನ್ನು ನೋಡಿದ ನೋಟ ಬೇರೆಯೇ ಆಗಿತ್ತು.

ರಾಜಶೇಖರ್ ಪಾಸ್‌ಪೋರ್ಟು ಮಡಚಿ ಕೊಟ್ಟರು. “ಕಾನೂನಿನ ಪ್ರಕಾರ ನಿಮ್ಮ ಮೇಲೆ ಏನೂ ಇಲ್ಲ. ಬಾಕಿದ್ದು ಮನೆ ವಿಷಯ” ಎಂದು ಪಾರ್ವತಮ್ಮನ ಕಡೆ ನೋಡಿ, ಜಂಬಣ್ಣನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ, “ಯಾವ ಕಂಪನಿ ಪೈಪು ಅಂದ್ರಿ?” ಎಂದು ಕೇಳಿ ಹೆಲ್ಮೆಟ್ ಹಾಕಿಕೊಂಡು ಹೋದರು.

ಪೊಲೀಸರು ಹೋದರೂ ಓಣಿ ಹೋಗಲಿಲ್ಲ. ಜಂಬಣ್ಣ ಹೆಂಡತಿಯ ಮುಖ ನೋಡಲಾರದೆ ಗೋಡೆಗೆ ಹೇಳತೊಡಗಿದ.

“ಪಾರ್ವತೀ, ದೇವರಾಣೆ ನಾನು ಏನೂ ಮಾಡಿಲ್ಲ. ನಾನೂರು ಲೆಂತ್ ಕಮ್ಮಿ ಬಿತ್ತು. ಫ್ಲೆಕ್ಸ್ ಕಟ್ಟಿಬಿಟ್ಟಿದ್ರು. ಹೋದ ದಿನವೇ ಹೊಟ್ಟೆ ಕೆಡ್ತು. ನಾಲ್ಕು ದಿನ ರೂಮಿನಾಗೆ ಮಲಗಿದ್ದೆ, ಚಟ್ನಿಪುಡಿ ಅನ್ನ ತಿಂದ್ಕಂಡು.”

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಂಬಿದವರು ಒಬ್ಬರೂ ಇಲ್ಲ. ಆದರೆ ವಿಚಿತ್ರ ನೋಡಿ, ಅವರ ಮುಖದಲ್ಲಿ ತಿರಸ್ಕಾರವಿರಲಿಲ್ಲ. ಇಪ್ಪತ್ತು ವರ್ಷ ವಾಷರು, ವಾಲ್ವು ಕೇಳಲು ಬರುತ್ತಿದ್ದವರು ಈಗ ಜಂಬಣ್ಣನನ್ನು ಗುಡ್ಡ ಹತ್ತಿ ಇಳಿದವನನ್ನು ನೋಡುವಂತೆ ನೋಡುತ್ತಿದ್ದರು. ಯಮುನಾಳ ಗಂಡನಂತೂ ಜಗಲಿಯ ಮೇಲೆ ಅವನಿಗೆ ಜಾಗ ಮಾಡಿಕೊಟ್ಟು, “ಕುಂತ್ಕಳ್ಳಣ್ಣ, ದಣಿದಿದ್ದೀಯ” ಎಂದ. ಮೇಷ್ಟ್ರು ಕೂಡ ಗಂಟಲು ಸರಿಮಾಡಿಕೊಂಡು, “ಹವಾಗುಣ ಹೆಂಗಪ್ಪ ಅಲ್ಲಿ?” ಎಂದು ವಿಚಾರಿಸಿದರು. ಜಂಬಣ್ಣನಿಗೆ ಜೀವಮಾನದಲ್ಲಿ ಯಾರೂ ಇಷ್ಟು ಗೌರವ ಕೊಟ್ಟಿರಲಿಲ್ಲ. ಹೆದರಿಕೆಯ ನಡುವೆಯೂ ಅವನ ಬೆನ್ನು ಸ್ವಲ್ಪ ನೆಟ್ಟಗಾಯಿತು.

“ಇವರು ಹೇಳ್ತಿರೋದು ನಿಜ” ಎಂದಳು ಪಾರ್ವತಮ್ಮ.

ಎಲ್ಲರೂ ತಿರುಗಿದರು. ಜಂಬಣ್ಣನೂ ತಿರುಗಿದ.

“ಬ್ಯಾಂಕಾಕು ಅಂದ ತಕ್ಷಣ ನನ್ನ ಎದೆ ಧಸಕ್ ಅಂದಿದ್ದು ಹೌದು. ಆಮೇಲೆ ಯೋಚನೆ ಮಾಡಿದೆ. ಕೊಟ್ರೇಶಿ ವಿಷಯ ಬೇರೆ. ಅವನು ಗಂಡಸು. ಇವರನ್ನ ನಾನು ಕಂಡಿಲ್ವ, ಇಪ್ಪತ್ತೇಳು ವರ್ಷ? ಚಿತ್ರದುರ್ಗದ ಲಾಡ್ಜಿನಾಗೆ ಒಬ್ರೇ ಮಲಗಾಕೆ ಹೆದರ್ಕಂಡು ಲಾರಿ ಹತ್ಕಂಡು ಮನೆಗೆ ಬಂದೋರು. ಅಂಗಡಿಗೆ ಹೆಂಗಸ್ರು ಬಂದು ನಲ್ಲಿ ಕೇಳಿದ್ರೆ ಕ್ಯಾಲೆಂಡರ್ ನೋಡ್ಕಂಡು ರೇಟು ಹೇಳ್ತಾರೆ. ಇವರು ಬ್ಯಾಂಕಾಕಿಗೆ ಹೋದ್ರೂ ಅಷ್ಟೇ, ಹೊಳಲ್ಕೆರೆಗೆ ಹೋದ್ರೂ ಅಷ್ಟೇ. ಹೊಟ್ಟೆ ಕೆಟ್ಟಿರುತ್ತೆ, ಮಲಗಿರ್ತಾರೆ. ಸುಮ್ನೆ ಎಲ್ರೂ ಮನೆಗೆ ಹೋಗ್ರಿ. ಇವರ ಕೈಲಿ ಅದೆಲ್ಲ ಎಲ್ಲಿ ಆಗ್ಬೇಕು?”

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಪ್ರೀತಿಯೇ ಇತ್ತು. ಸಂಸಾರ ಉಳಿಯಿತು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಎಂದು ಜಂಬಣ್ಣ ಅಲ್ಲಿಗೇ ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ಕುಡಿದಿದ್ದರೆ ಈ ಕಥೆ ಸುಖವಾಗಿ ಮುಗಿಯುತ್ತಿತ್ತು.

ಆದರೆ ಅವನು ಗಂಡಸರ ಕಡೆ ನೋಡಿದ. ನೋಡಬಾರದಾಗಿತ್ತು. ಅವರ ಕಣ್ಣಿನ ಗೌರವ ನೋಡನೋಡುತ್ತಲೇ ಇಳಿದುಹೋಗುತ್ತಿತ್ತು. ಯಾರೋ ಕಿಸಕ್ಕೆಂದರು. “ಅಕ್ಕ ಹೇಳೋದೂ ಸರಿನೇ ಬಿಡ್ರಿ, ನಮ್ಮ ಜಂಬಣ್ಣ ಅಲ್ವ” ಎಂದು ಯಮುನಾಳ ಗಂಡ ಬಿಟ್ಟುಕೊಟ್ಟಿದ್ದ ಜಾಗದಲ್ಲಿ ತಾನೇ ಕೂತ. ಕಳ್ಳ ಅಂದಾಗ, ಸುಳ್ಳ ಅಂದಾಗ, ಮತ್ತಿನ ಪುಡಿಯ ವ್ಯಾಪಾರಿ ಅಂದಾಗ ಆಗದ ಅವಮಾನ ಈಗ ಆಯಿತು.

“ಏನು, ನೀನು ಬಂದು ನೋಡಿದ್ಯೇನೇ?” ಎಂದು ಗುಡುಗಿದ. “ಕೊನೇ ದಿನ ಸಂಜೆ ಹೊಟ್ಟೆ ಪೂರಾ ಸರಿಹೋಗಿತ್ತು!”

ಹೇಳಿದ ಮೇಲೆ ಅವನಿಗೇ ಅರ್ಥವಾಯಿತು. ಬಾಯಿಂದ ಹೋದ ಮಾತು, ಹಿಡಿಯುವುದು ಹೇಗೆ? ಹೊರಟಿದ್ದ ಓಣಿ ಮೆಟ್ಟಿಲ ಮೇಲೆಯೇ ನಿಂತಿತು.

ಪಾರ್ವತಮ್ಮ ಸೆರಗಿನಲ್ಲಿ ನಿಧಾನವಾಗಿ ಕೈ ಒರೆಸಿಕೊಂಡಳು. “ಸರಿಹೋಗಿತ್ತಾ?”

“ಸ್ವಲ್ಪ. ಅಂದ್ರೆ, ಅಷ್ಟೇನಿಲ್ಲ.”

“ಸರಿಹೋದ ಮ್ಯಾಲೆ ಎಲ್ಲಿಗೆ ಹೋಗಿದ್ರಿ?”

“ಅಂಗಡಿಗೆ. ಚಾಕಲೇಟ್ ತರಾಕೆ.”

“ಸಂಜೆ ಹೋದೋರು ಎಷ್ಟೊತ್ತಿಗೆ ಬಂದ್ರಿ?”

“ದಾರಿ ತಪ್ಪಿತ್ತು ಕಣೇ. ಮೂರು ತಾಸು ಹುಡುಕಿದೆ. ಹಿಮದ ಬೆಟ್ಟದ ಚಿತ್ರ ಇರೋದೇ ಬೇಕಾಗಿತ್ತು.”

ಇದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಗೋಡೆಗೆ ಹೇಳಿದ್ದನ್ನು ಬಿಟ್ಟರೆ ಇಷ್ಟು ದಿನದಲ್ಲಿ ಜಂಬಣ್ಣ ಹೇಳಿದ ಅಪ್ಪಟ ಸತ್ಯ ಅದೊಂದೇ. ಓಣಿಗೆ ಓಣಿಯೇ ಗೊಳ್ಳೆಂದು ನಕ್ಕಿತು. ಯಮುನಾಳ ಗಂಡ ಎದ್ದು ಮತ್ತೆ ಜಾಗ ಬಿಟ್ಟುಕೊಟ್ಟ.

ಪಾರ್ವತಮ್ಮ ನಗಲಿಲ್ಲ. ಬಾಗಿಲ ಹೊರಗೆ ನಿಂತಿದ್ದ ಪರಮೇಶ್ವರಪ್ಪನವರ ಕಡೆ ತಿರುಗಿ, “ಮೇಷ್ಟ್ರೇ, ಹಿರಿಯೂರಿನ ಬಸ್ಸು ಎಷ್ಟು ಗಂಟೆಗೈತ್ರಿ?” ಎಂದು ಕೇಳಿದಳು.

ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಮರುಪ್ರಶ್ನೆ ಹಾಕದೆ ಉತ್ತರ ಹೇಳಿದರು.

“ಹನ್ನೆರಡೂ ಕಾಲಿಗೈತಮ್ಮ. ಯಲ್ಲದಕೆರೆಗೆ ಅಲ್ಲೇ ಬಸ್ಸು ಬದಲಾಯಿಸ್ಬೇಕು.”